ಒಂದೇ ವಾರ್ಷಿಕ ವರದಿ, ನಾಲ್ಕು ಮೇಜರ್: ನಾನು ಆರಿಸಿಕೊಂಡ ಬಗೆ

ಬಿಸಿನೆಸ್ ಪದವಿಯಲ್ಲಿ ಮೇಜರ್ (ಮುಖ್ಯ ವಿಷಯ) ಬರೆದುಕೊಡುವ ಮೊದಲು ಅಕೌಂಟಿಂಗ್, ಫೈನಾನ್ಸ್, ಮಾರ್ಕೆಟಿಂಗ್, ಆಪರೇಷನ್ಸ್ (ಕೆಲಸ ನಡೆಯುವ ಬಗೆಯ ನಿರ್ವಹಣೆ) ಒಂದೊಂದನ್ನೂ ಹತ್ತು ಗಂಟೆ ಕೈಯಾರೆ ಮಾಡಿ ನೋಡುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ಸಂಬಳದ ಪಟ್ಟಿ ನೋಡಿ ಟಿಕ್ ಹಾಕುವ ಕೆಲಸಕ್ಕೆ ನಲವತ್ತು ಗಂಟೆಯೇ ಎಂದು. ಕೊನೆಗೆ ನಡುವಲ್ಲಿ ಮೇಜರ್ ಬದಲಿಸದೆ ಮುಗಿಸಿದವರಲ್ಲಿ ನಾನೂ ಒಬ್ಬ, ಅಷ್ಟು ಹೇಳಿಕೊಳ್ಳುವ ಹಕ್ಕಿದೆ.

ಮೊದಲ ಮೂರು ದಾರಿ ಕೈಕೊಟ್ಟವು. ದುಡ್ಡು ಕೊಟ್ಟು ತೆಗೆದುಕೊಂಡ ವ್ಯಕ್ತಿತ್ವ ಪರೀಕ್ಷೆ 'ನಾಯಕತ್ವದ ಗುಣವಿದೆ' ಎಂದಿತು. ಅದು ಯಾವ ಮೇಜರಿಗೆ ಒಗ್ಗುವುದಿಲ್ಲ? ಸಂಬಳದ ಸರಾಸರಿಯಲ್ಲಿ ಸಮೀಕ್ಷೆಗೆ ಉತ್ತರ ಕಳಿಸಿದವರಷ್ಟೇ ಇರುತ್ತಾರೆ, ಕೆಲಸ ಸಿಗದವರು ಸಾಮಾನ್ಯವಾಗಿ ಕಳಿಸುವುದಿಲ್ಲ. ಆರಂಭದ ಕೋರ್ಸಿನ ಅಂಕ ಇನ್ನೂ ದೊಡ್ಡ ಮೋಸ. ಮೊದಲ ಮಾರ್ಕೆಟಿಂಗ್ ಕೋರ್ಸು ಬಹುಪಾಲು ಪದಕೋಶ. ಮೇಲಿನ ಹಂತದ ಮಾರುಕಟ್ಟೆ ಸಂಶೋಧನೆ ಬಹುಪಾಲು ಸಂಖ್ಯಾಶಾಸ್ತ್ರ.

ಹಾಗಾಗಿ ಒಂದೇ ಕಂಪನಿಯ ವಾರ್ಷಿಕ ವರದಿ ಹಿಡಿದೆ. ಒಂದೇ ವ್ಯವಹಾರದ, ಸಣ್ಣ, ವಿದೇಶಿ ಅಂಗಸಂಸ್ಥೆ ಇಲ್ಲದ ಕಂಪನಿಯೇ ಬೇಕು. ಮೊದಲ ಸಲ ದೊಡ್ಡದನ್ನು ಆರಿಸಿ ಎರಡು ವಾರಾಂತ್ಯ ಹಾಳಾಯಿತು: ವಿನಿಮಯ ದರದ ವ್ಯತ್ಯಾಸ, ನಡುವೆ ಕೊಂಡ ಕಂಪನಿ ಎರಡೂ ಸೇರಿ ಆಸ್ತಿ-ಹೊಣೆ ಪಟ್ಟಿಯ ಏರಿಳಿತ ನಗದು ಹರಿವಿಗೆ ಹೊಂದಲೇ ಇಲ್ಲ.

ಅಕೌಂಟಿಂಗ್‌ಗೆ: ಎರಡು ವರ್ಷದ ಆಸ್ತಿ-ಹೊಣೆ ಪಟ್ಟಿ, ಒಂದು ಲಾಭ-ನಷ್ಟ ಪಟ್ಟಿ, ಟಿಪ್ಪಣಿಗಳು. ಇಷ್ಟರಿಂದ ಪರೋಕ್ಷ ವಿಧಾನದಲ್ಲಿ (ಲಾಭದಿಂದ ಶುರು ಮಾಡಿ, ಕೂಡಿ ಕಳೆದು ನಗದಿಗೆ ಬರುವುದು) ನಗದು ಹರಿವು ಕಟ್ಟಿ, ಕೊನೆಯ ನಗದನ್ನು ತಾಳೆ ಮಾಡಬೇಕು. ಸವಕಳಿ ಕೂಡಿಸುವುದು ಎಲ್ಲರಿಗೂ ನೆನಪಿರುತ್ತದೆ. ಆಸ್ತಿ ಮಾರಿದ ಲಾಭ ಕಳೆಯುವುದು ಮರೆತುಹೋಗುತ್ತದೆ. ಮಾರಿದ ಪೂರ್ತಿ ಹಣ ಹೂಡಿಕೆ ಭಾಗದಲ್ಲಿ ಬಂದೇ ಇರುವುದರಿಂದ, ಮರೆತರೆ ಆ ಲಾಭ ಎರಡು ಸಲ ಎಣಿಕೆಯಾಗುತ್ತದೆ. ತಾಳೆಯಾಗದೆ ಉಳಿದ ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯೇ ನೋಡಿ. ಅರ್ಧ ಮಾಡಿದಾಗ ಪಟ್ಟಿಯಲ್ಲಿನ ಮೊತ್ತವೇ ಬಂದರೆ ಕೂಡುವಲ್ಲಿ ಕಳೆದಿದ್ದೀರಿ. ಈ ಹುಡುಕಾಟ ಮೂರನೇ ಗಂಟೆಯಲ್ಲೂ ರುಚಿಸಿದರೆ ಅಕೌಂಟಿಂಗ್ ನಿಮ್ಮದು. ನನಗೆ ರುಚಿಸಲಿಲ್ಲ.

ಫೈನಾನ್ಸ್‌ನದು ತಿರುವುಮುರುವು. ಅಲ್ಲಿ ತಾಳೆಯಾಗುವುದೇನೂ ಇಲ್ಲ. ಕಂಪನಿಗೆ ಬೆಲೆ ಕಟ್ಟಲು ಐದು ವರ್ಷದ ನಗದು ಅಂದಾಜು ಮಾಡಿ, ಡಿಸ್ಕೌಂಟ್ ದರ (ಮುಂದಿನ ಹಣವನ್ನು ಇಂದಿನ ಬೆಲೆಗೆ ಇಳಿಸುವ ದರ) 10, ಆಮೇಲಿನ ಬೆಳವಣಿಗೆ 3 ಪ್ರತಿಶತ ಹಾಕಿದರೆ ಕೊನೆಯ ಮೌಲ್ಯ (ಐದು ವರ್ಷದ ನಂತರದ ಎಲ್ಲ ನಗದಿನ ಬೆಲೆ) ಆರನೇ ವರ್ಷದ ನಗದಿನ ಸುಮಾರು 14 ಪಟ್ಟು. ಬೆಳವಣಿಗೆ 4 ಮಾಡಿ, 17ರ ಹತ್ತಿರ. ನನ್ನ ಹಾಳೆಯಲ್ಲಿ ಒಟ್ಟು ಮೌಲ್ಯದ ಮುಕ್ಕಾಲು ಭಾಗ ಆ ಒಂದು ಕೋಶದ ಮೇಲೆ ನಿಂತಿತ್ತು. ಇದನ್ನು ಅರಗಿಸಿಕೊಂಡು, ಎದುರಿಗೆ ಕೂತವರಿಗೆ ಸಮರ್ಥಿಸಬಲ್ಲವರು ಫೈನಾನ್ಸಿಗೆ ಹೋಗಲಿ.

ಮಾರ್ಕೆಟಿಂಗ್‌ಗೆ ಜಾಹೀರಾತು ಬರೆಯಲು ಕೂರಬೇಡಿ. ಅದೇ ಕಂಪನಿಯ ಒಂದು ಉತ್ಪನ್ನದ ಬಗ್ಗೆ ಹತ್ತು ಪ್ರಶ್ನೆಯ ಸಮೀಕ್ಷೆ ಮಾಡಿ. 'ಬೆಲೆ ಮತ್ತು ಗುಣಮಟ್ಟ ಹಿಡಿಸಿತೇ' ಎಂದು ಎರಡನ್ನು ಒಟ್ಟಿಗೆ ಕೇಳಿ ಒಂದು ಸುತ್ತು ಪೂರ್ತಿ ಬಿಸಾಡಿದೆ. ಮೂವತ್ತು ಉತ್ತರಕ್ಕೆ ದೋಷದ ಅಂತರ (ನಿಜ ಉತ್ತರ ಎಷ್ಟು ದೂರವಿರಬಹುದು ಎಂಬ ಅಳತೆ) ಹೆಚ್ಚುಕಡಿಮೆ 18 ಪ್ರತಿಶತ ಆಚೀಚೆ. ಅದನ್ನು ಗಂಡು-ಹೆಣ್ಣು ಎಂದು ಸೀಳಿ ಗ್ರಾಫ್ ಹಾಕಿದರೆ ಬರೀ ಅಲಂಕಾರ. ಮಾನವ ಸಂಪನ್ಮೂಲ ಮೇಜರನ್ನು ಈ ನಾಲ್ಕರಲ್ಲಿ ಸೇರಿಸದೆ ಬೇಗ ಕೈಬಿಟ್ಟೆ, ಅದರ ಪರೀಕ್ಷೆಗೆ ಅಂಕ ಕೊಡಲು ಇನ್ನೊಬ್ಬರು ಬೇಕು.

ಆಪರೇಷನ್ಸ್‌ಗೆ ಮಾತ್ರ ವರದಿ ಸಾಲದು. ಗಡಿಯಾರ ಹಿಡಿದು ಗ್ರಂಥಾಲಯದ ಸಾಲಿನ ಬಳಿ ನಿಂತೆ. ಲಿಟಲ್ ನಿಯಮದಂತೆ (ಸಾಲಿನ ಜನ = ಬರುವ ವೇಗ × ಕಾಯುವ ಹೊತ್ತು) ಸಾಲಿನಲ್ಲಿ ಸರಾಸರಿ 12 ಜನ, ನಿಮಿಷಕ್ಕೆ ಒಂದೂವರೆ ಜನ ಬರುತ್ತಿದ್ದರೆ ಕಾಯುವಿಕೆ 8 ನಿಮಿಷ. ಎಣಿಸಿದ್ದು ಅದಕ್ಕೆ ಹತ್ತಿರವೂ ಬರಲಿಲ್ಲ: ಎಣಿಕೆ ಶುರು ಮಾಡಿದಾಗ ಸಾಲು ಖಾಲಿ, ನಿಲ್ಲಿಸಿದಾಗ ಉದ್ದ. ಸಾಲು ಹೆಚ್ಚು ಏರಿಳಿಯದ ಹೊತ್ತನ್ನು ಬೇರೆ ಮಾಡಿದ ಮೇಲೆ ಕೂತಿತು. ಹತ್ತು ಗಂಟೆ ಮಾಡಿ ನಿಲ್ಲಿಸಬೇಕಾದದ್ದು ಹದಿನಾಲ್ಕಾಗಿತ್ತು, ಅಲ್ಲಿಗೆ ನನ್ನ ಮೇಜರ್ ಆಪರೇಷನ್ಸ್ ಎಂದು ತೀರ್ಮಾನವಾಯಿತು. ಗಂಟೆಗಳ ಜೊತೆ ಇನ್ನೆರಡು ಅಂಕಣ ಇಟ್ಟು ಅಂಕ ಕೊಟ್ಟಿದ್ದೆ. ಅವು ಯಾವುವೆಂದು ಹೇಳುವುದಿಲ್ಲ, ನಿಮ್ಮವನ್ನು ನೀವೇ ಹುಡುಕಿಕೊಳ್ಳಿ.

ದುಡ್ಡು ಹೋಗುವುದು ಮೇಜರನ್ನು ತಡವಾಗಿ ಬದಲಿಸಿದಾಗ. ಆರಂಭದ ಅಕೌಂಟಿಂಗ್, ಮಧ್ಯಮ ಒಂದು, ಮಧ್ಯಮ ಎರಡು, ಆಡಿಟಿಂಗ್: ಒಂದು ಮುಗಿಯದೆ ಇನ್ನೊಂದಿಲ್ಲ, ನಾಲ್ಕು ಸೆಮಿಸ್ಟರ್. ಎಂಟು ಸೆಮಿಸ್ಟರಿನ ಪದವಿಯಲ್ಲಿ ಐದನೆಯದರಲ್ಲಿ ಶುರು ಮಾಡಿದರೆ ಕೂದಲೆಳೆಯಲ್ಲಿ ಮುಗಿಯುತ್ತದೆ. ನಡುವಿನದು ವರ್ಷಕ್ಕೊಮ್ಮೆ ಮಾತ್ರ ಇದ್ದು ಅದರಲ್ಲಿ ಫೇಲಾದರೆ ಒಂದು ವರ್ಷದ ಶುಲ್ಕ, ಮೇಲೆ ಒಂದು ವರ್ಷದ ಸಂಬಳವೂ ನಷ್ಟ. ಸರಪಳಿಯನ್ನು ಕೊನೆಯ ಕೋರ್ಸಿನಿಂದ ಹಿಂದಕ್ಕೆ ಬರೆದು, ಪ್ರತಿಯೊಂದೂ ಯಾವ ಸೆಮಿಸ್ಟರಿನಲ್ಲಿ ನಡೆಯುತ್ತದೆ ಎಂದು ಪಕ್ಕದಲ್ಲಿ ಗುರುತು ಹಾಕಿ.

ಜೋಡಿ ಮೇಜರ್ ಲೆಕ್ಕವನ್ನೂ ಹಾಕಿ ನೋಡಿದೆ. ಫೈನಾನ್ಸ್ ಜೊತೆ ಅಕೌಂಟಿಂಗ್ ಆದರೆ ಎರಡಕ್ಕೂ ಸಲ್ಲುವ ಕೋರ್ಸು ಒಂದಷ್ಟು ಸಿಗುತ್ತವೆ. ಆಪರೇಷನ್ಸ್ ಜೊತೆ ಮಾರ್ಕೆಟಿಂಗ್ ಆದರೆ ಎಲ್ಲರಿಗೂ ಇರುವ ಕಡ್ಡಾಯ ಕೋರ್ಸು ಬಿಟ್ಟು ಹೆಚ್ಚೇನೂ ಹೊಂದುವುದಿಲ್ಲ, ಏಳೆಂಟು ಕೋರ್ಸು ಹೆಚ್ಚುವರಿ. ಅದನ್ನು ಬಿಟ್ಟು ಸಂಖ್ಯಾಶಾಸ್ತ್ರವನ್ನು ಮೈನರ್ (ಉಪ ವಿಷಯ) ಮಾಡಿಕೊಂಡೆ. ನಾಲ್ಕು ಕೋರ್ಸಷ್ಟೇ ಹೆಚ್ಚಾಯಿತು, ಅದರಲ್ಲಿ ಒಂದು ಮೇಜರಿನ ಐಚ್ಛಿಕಕ್ಕೂ ಲೆಕ್ಕಕ್ಕೆ ಬಂತು.