ಚುಕ್ಕೆಗೆ ಚುಕ್ಕೆ ಸೇರಿದರೆ ಸಾಕೇ? ಹೊಸ ಕ್ಯಾಮ್‌ನ ಟೈಮಿಂಗ್ ಅಳೆಯುವ ಬಗೆ

ಇಂಜಿನ್‌ನ ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡವೇ ಕ್ಯಾಮ್, ಪಿಸ್ಟನ್‌ಗಳು ತಿರುಗಿಸುವ ದಂಡ ಕ್ರ್ಯಾಂಕ್. ಹೊಸ ಕ್ಯಾಮ್ ಕೂರಿಸಿ, ಇವೆರಡನ್ನು ಜೋಡಿಸುವ ಟೈಮಿಂಗ್ ಸ್ಪ್ರಾಕೆಟ್‌ಗಳ (ಹಲ್ಲಿನ ಚಕ್ರಗಳ) ಚುಕ್ಕೆಗಳು ಎದುರುಬದುರು ಬಂದರೆ ಕವರ್ ಮುಚ್ಚಿಬಿಡುವವರೇ ಜಾಸ್ತಿ. ಆ ಚುಕ್ಕೆ ಹೇಳುವುದು ಹಲ್ಲು ತಪ್ಪಿಲ್ಲ ಎಂಬುದನ್ನು ಮಾತ್ರ. ಕೀವೇ (ಸ್ಪ್ರಾಕೆಟ್ ಹಿಡಿಯುವ ಕೀ ಕೂರುವ ಗೀರು), ಡೋವೆಲ್ ಪಿನ್, ಸ್ಪ್ರಾಕೆಟ್, ಕ್ಯಾಮ್‌ನ ಗ್ರೈಂಡಿಂಗ್, ಎಲ್ಲದರಲ್ಲೂ ಚೂರುಪಾರು ವ್ಯತ್ಯಾಸ ಇದ್ದೇ ಇರುತ್ತದೆ. ಅವೆಲ್ಲ ಒಂದೇ ಕಡೆಗೆ ಸೇರಿದರೆ ಕೆಲವು ಡಿಗ್ರಿ ತಪ್ಪುತ್ತದೆ. ಫೇಸಿಂಗ್ ಮಾಡಿಸಿದ (ತಳ ಉಜ್ಜಿ ಸಪಾಟು ಮಾಡಿಸಿದ) ಹೆಡ್ ಇರುವ ಓವರ್‌ಹೆಡ್ ಕ್ಯಾಮ್ ಇಂಜಿನ್‌ನಲ್ಲಿ, ಅಂದರೆ ಕ್ಯಾಮ್ ಹೆಡ್‌ನಲ್ಲೇ ಇರುವ ಇಂಜಿನ್‌ನಲ್ಲಿ, ಕ್ಯಾಮ್ ಕ್ರ್ಯಾಂಕ್‌ಗೆ ಹತ್ತಿರವಾಗಿ, ಟೈಮಿಂಗ್ ಸಾಮಾನ್ಯವಾಗಿ ರಿಟಾರ್ಡ್ (ತಡ) ಆಗುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಕ್ರ್ಯಾಂಕ್‌ನ ತುದಿಗೆ ಹಿಡಿಸುವ ಡಿಗ್ರಿ ವೀಲ್, ಗಟ್ಟಿ ತಂತಿಯ ಪಾಯಿಂಟರ್, ಪಿಸ್ಟನ್ ಪೂರ್ತಿ ಮೇಲೆ ಬರದಂತೆ ತಡೆಯುವ ಪಿಸ್ಟನ್ ಸ್ಟಾಪ್, ಸಣ್ಣ ಚಲನೆ ಅಳೆಯುವ ಡಯಲ್ ಗೇಜ್ ಮತ್ತು ಕ್ಯಾಮ್ ಜೊತೆ ಬಂದ ಅಳತೆಗಳ ಕಾರ್ಡ್. ವೀಲ್ ದೊಡ್ಡದಿದ್ದಷ್ಟೂ ಓದುವುದು ಸುಲಭ. ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿಡಿ, ಇಂಜಿನ್ ಹಗುರವಾಗಿ ತಿರುಗುತ್ತದೆ. ತಿರುಗಿಸುವುದು ಕೈಯಲ್ಲೇ, ಸ್ಟಾರ್ಟರ್ ಮುಟ್ಟಬೇಡಿ.

ಮೊದಲು ನಿಜವಾದ ಟಿಡಿಸಿ

ಟಿಡಿಸಿ ಎಂದರೆ ಪಿಸ್ಟನ್ ತೀರಾ ಮೇಲೆ ಬರುವ ಬಿಂದು. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಅದನ್ನು ಹುಡುಕುವುದೇ. ಇಲ್ಲಿ ಎರಡು ಡಿಗ್ರಿ ತಪ್ಪಿದರೆ ಮುಂದಿನ ಎಲ್ಲ ಅಳತೆಯೂ ಎರಡು ಡಿಗ್ರಿ ಸುಳ್ಳು. ಪಿಸ್ಟನ್ ತೀರಾ ಮೇಲೆ ಬಂದಾಗ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಅದು ಅಲುಗಿದ್ದು ಗೊತ್ತಾಗುವುದಿಲ್ಲ. ಹಾಗಾಗಿ ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ.

ಒಂದನೇ ಸಿಲಿಂಡರ್‌ನ ಪಿಸ್ಟನ್ ಸುಮಾರು ಮೇಲಿರುವಾಗ ಪಾಯಿಂಟರನ್ನು ಸೊನ್ನೆಗೆ ಹಿಡಿಸಿ. ಪಿಸ್ಟನ್ ಸ್ವಲ್ಪ ಕೆಳಗೆ ಇಳಿಸಿ ಸ್ಟಾಪ್ ಹಾಕಿ. ಕ್ರ್ಯಾಂಕನ್ನು ನಿಧಾನವಾಗಿ ಮುಂದಕ್ಕೆ ತಿರುಗಿಸಿ, ತಾಗಿದ ಕಡೆ ವೀಲ್ ನೋಡಿ. ಆಮೇಲೆ ಹಿಂದಕ್ಕೆ ತಿರುಗಿಸಿ, ಇನ್ನೊಂದು ಬದಿಯಲ್ಲಿ ತಾಗಿದ್ದನ್ನೂ ಬರೆದುಕೊಳ್ಳಿ. ಒಂದು ಬದಿಗೆ 28, ಇನ್ನೊಂದು ಬದಿಗೆ 34 ಬಂತು ಅನ್ನೋಣ. ಒಟ್ಟು 62, ಅರ್ಧ 31. ಕ್ರ್ಯಾಂಕ್ ಅಲುಗಿಸದೆ ಪಾಯಿಂಟರನ್ನು 31ಕ್ಕೆ ಬಗ್ಗಿಸಿ. ಮತ್ತೆ ಎರಡೂ ಕಡೆ ತಾಗಿಸಿ ನೋಡಿ. ಎರಡೂ 31 ಬಂದರೆ ಸೊನ್ನೆಯೇ ನಿಜವಾದ ಟಿಡಿಸಿ. ಸ್ಟಾಪ್ ತೆಗೆಯಿರಿ. ಹೆಡ್ ಕೂತಿದ್ದರೆ, ಸ್ಟಾಪ್ ಇರುವಾಗ ವಾಲ್ವ್ ಅದಕ್ಕೆ ಬಡಿಯದಂತೆ ನೋಡಿಕೊಳ್ಳಿ.

ಈಗ ಲೋಬ್

ಲೋಬ್ ಎಂದರೆ ವಾಲ್ವ್ ಎತ್ತುವ ಕ್ಯಾಮ್‌ನ ಉಬ್ಬು, ಅದರ ಮೇಲೆ ಕೂತು ಏರಿಳಿಯುವುದು ಲಿಫ್ಟರ್. ಡಯಲ್ ಗೇಜ್‌ನ ತುದಿಯನ್ನು ಒಂದನೇ ಸಿಲಿಂಡರ್‌ನ ಇಂಟೇಕ್ ಲಿಫ್ಟರ್ ಮೇಲೆ ಇಡಿ. ಲಿಫ್ಟರ್ ಚಲಿಸುವ ದಿಕ್ಕಿಗೇ ಗೇಜ್ ನೇರವಾಗಿರಲಿ, ಓರೆಯಾದರೆ ಲೆಕ್ಕ ಕೆಡುತ್ತದೆ. ಹೈಡ್ರಾಲಿಕ್ ಲಿಫ್ಟರ್ ಒಳಗೆ ಕುಸಿಯುವುದರಿಂದ ಅಳತೆಗೆ ಸಾಲಿಡ್ ಲಿಫ್ಟರ್ ಬಳಸುವುದೇ ವಾಸಿ. ಕಾರ್ಡ್‌ನಲ್ಲಿ ಕೊಟ್ಟಿರುವ ವಾಲ್ವ್ ಲಿಫ್ಟ್‌ಗೂ ನೀವು ಲಿಫ್ಟರ್ ಮೇಲೆ ನೋಡುವ ಲಿಫ್ಟ್‌ಗೂ ತಾಳೆಯಾಗಲಿಲ್ಲ ಎಂದು ಗಾಬರಿಯಾಗಬೇಡಿ. ಲೋಬ್‌ನಲ್ಲಿ 0.300 ಇಂಚು ಇದ್ದರೆ 1.5 ಅನುಪಾತದ ರಾಕರ್ (ಲಿಫ್ಟರ್‌ನ ಚಲನೆಯನ್ನು ವಾಲ್ವ್‌ಗೆ ದಾಟಿಸುವ ಸನ್ನೆ) ಅದನ್ನು ವಾಲ್ವ್ ಬಳಿ 0.450 ಮಾಡುತ್ತದೆ.

ಲಿಫ್ಟರ್ ತೀರಾ ಮೇಲಿರುವಾಗ ಗೇಜ್ ಸೊನ್ನೆ ಮಾಡಿ. ಕ್ರ್ಯಾಂಕನ್ನು ಹಿಂದಕ್ಕೆ, ಗೇಜ್ 0.100 ಇಂಚು ಇಳಿಯುವವರೆಗೆ ತಿರುಗಿಸಿ. ಅಲ್ಲಿಂದ ಮುಂದಕ್ಕೆ ಬರುತ್ತಾ, ತುತ್ತತುದಿಗೆ ಇನ್ನೂ 0.050 ಇಂಚು, ಅಂದರೆ 1.27 ಮಿ.ಮೀ. ಬಾಕಿ ಇರುವಾಗ ವೀಲ್ ಓದಿ. ಮುಂದುವರಿದು, ತುದಿ ದಾಟಿ ಮತ್ತೆ ಅಷ್ಟೇ ಇಳಿದಾಗ ಇನ್ನೊಮ್ಮೆ ಓದಿ. 76 ಮತ್ತು 140 ಬಂದರೆ ಕೂಡಿಸಿ ಅರ್ಧ ಮಾಡಿ. 108, ಇದೇ ಇಂಟೇಕ್ ಸೆಂಟರ್‌ಲೈನ್, ಅಂದರೆ ಟಿಡಿಸಿ ದಾಟಿ ಎಷ್ಟು ಡಿಗ್ರಿಗೆ ಲೋಬ್‌ನ ತುತ್ತತುದಿ ಬರುತ್ತದೆ ಎಂಬುದು. ಕಾರ್ಡ್ 106 ಎನ್ನುತ್ತಿದ್ದರೆ ನಿಮ್ಮ ಕ್ಯಾಮ್ ಎರಡು ಡಿಗ್ರಿ ರಿಟಾರ್ಡ್. ಸಂಖ್ಯೆ ಕಡಿಮೆ ಬಂದರೆ ಅಡ್ವಾನ್ಸ್, ಅಂದರೆ ಬೇಗ.

ಓದುವಾಗ ಕ್ರ್ಯಾಂಕ್ ಯಾವತ್ತೂ ಇಂಜಿನ್ ತಿರುಗುವ ದಿಕ್ಕಿಗೇ ಬರುತ್ತಿರಬೇಕು. ಗುರುತು ದಾಟಿಹೋಯಿತೆಂದು ಸುಮ್ನೆ ಒಂಚೂರು ಹಿಂದಕ್ಕೆ ಎಳೆದರೆ ಚೈನ್‌ನ ಸಡಿಲ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ.

ಇವತ್ತಿನ ಎಷ್ಟೋ ಲೋಬ್‌ಗಳ ಎರಡು ಬದಿ ಒಂದೇ ತರಹ ಇರುವುದಿಲ್ಲ. ಅಂಥವುಗಳಿಗೆ ಸೆಂಟರ್‌ಲೈನ್ ಲೆಕ್ಕ ಸ್ವಲ್ಪ ಮೋಸ ಮಾಡುತ್ತದೆ. ಆಗ ಲಿಫ್ಟರ್ ಕೆಳಗಿರುವಾಗ ಗೇಜ್ ಸೊನ್ನೆ ಮಾಡಿ, 0.050 ಏರಿದಾಗ ಮತ್ತು ಇಳಿಯುವಾಗ 0.050 ಉಳಿದಾಗ ಓದಿ. ಕಾರ್ಡ್‌ನಲ್ಲಿ ಟಿಡಿಸಿಗೆ 4 ಡಿಗ್ರಿ ಮೊದಲು ತೆರೆದು ಬಿಡಿಸಿಯ (ಪಿಸ್ಟನ್ ತೀರಾ ಕೆಳಗಿರುವ ಬಿಂದುವಿನ) ನಂತರ 40ಕ್ಕೆ ಮುಚ್ಚಬೇಕು ಎಂದಿದೆ, ನಿಮಗೆ 2 ಮತ್ತು 42 ಬಂತು ಎಂದಿಟ್ಟುಕೊಳ್ಳಿ. ಡ್ಯುರೇಷನ್, ಅಂದರೆ ವಾಲ್ವ್ ತೆರೆದಿರುವ ಅವಧಿ, ನಡುವಿನ 180 ಸೇರಿ ಎರಡರಲ್ಲೂ 224 ಡಿಗ್ರಿಯೇ, ಅಲ್ವಾ? ಅಂದರೆ ಕ್ಯಾಮ್ ಸರಿಯಾಗಿದೆ, ಕೂತ ಜಾಗ ಮಾತ್ರ ಎರಡು ಡಿಗ್ರಿ ತಡ. ಡ್ಯುರೇಷನ್ನೇ ಬೇರೆ ಬಂದರೆ ಮೊದಲು ಗೇಜ್ ಕೂರಿಸಿದ್ದನ್ನು ಅನುಮಾನಿಸಿ, ಆಮೇಲೆ ಕ್ಯಾಮನ್ನು.

ಸರಿಪಡಿಸುವುದು

ಹಲ್ಲು ದಾಟಿಸಿ ಆಗುವ ಕೆಲಸವಲ್ಲ ಇದು. 20 ಹಲ್ಲಿನ ಕ್ರ್ಯಾಂಕ್ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಎಂದರೆ 18 ಡಿಗ್ರಿ! ಆಫ್‌ಸೆಟ್ ಬುಷ್, ಹಲವು ಕೀವೇ ಇರುವ ಸ್ಪ್ರಾಕೆಟ್ ಅಥವಾ ಅಡ್ಜಸ್ಟ್ ಆಗುವ ಕ್ಯಾಮ್ ಗೇರ್ ಬೇಕು. ಅದರ ಮೇಲಿನ ಗುರುತು ಕ್ರ್ಯಾಂಕ್ ಡಿಗ್ರಿಯೋ ಕ್ಯಾಮ್ ಡಿಗ್ರಿಯೋ ಎಂದು ಮೊದಲೇ ತಿಳಿದುಕೊಳ್ಳಿ. ಕ್ಯಾಮ್ ಒಂದು ಡಿಗ್ರಿ ಸರಿದರೆ ಕ್ರ್ಯಾಂಕ್ ಲೆಕ್ಕದಲ್ಲಿ ಎರಡು. ಬದಲಾಯಿಸಿದ ಮೇಲೆ ಮತ್ತೆ ಅಳೆಯಿರಿ, ಟಿಡಿಸಿ ಸೊನ್ನೆಯಲ್ಲೇ ಇದೆಯಾ ಎಂದೂ ನೋಡಿ.

ಕೆಲವರು ಬೇಕೆಂದೇ ಅಡ್ವಾನ್ಸ್ ಇಡುತ್ತಾರೆ. ಇಂಟೇಕ್ ಬೇಗ ಮುಚ್ಚಿ ಕಡಿಮೆ ವೇಗದಲ್ಲಿ ಟಾರ್ಕ್ ಹೆಚ್ಚುತ್ತದೆ. ರಿಟಾರ್ಡ್ ಮಾಡಿದರೆ ಆ ಬಲ ಮೇಲಿನ ಆರ್‌ಪಿಎಂ ಕಡೆಗೆ ಸರಿಯುತ್ತದೆ. ಮೊದಲ ಸಲಕ್ಕೆ ಕಾರ್ಡ್ ಹೇಳಿದಲ್ಲೇ ಇಡುವುದು ಒಳ್ಳೆಯದು. ಎಲ್ಲೇ ಇಟ್ಟರೂ ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ ನೋಡದೆ ಬಿಡಬೇಡಿ. ಅಡ್ವಾನ್ಸ್ ಮಾಡಿದರೆ ಇಂಟೇಕ್ ವಾಲ್ವ್ ಪಿಸ್ಟನ್‌ಗೆ ಹತ್ತಿರವಾಗುತ್ತದೆ, ರಿಟಾರ್ಡ್ ಮಾಡಿದರೆ ಎಕ್ಸಾಸ್ಟ್. ಪಿಸ್ಟನ್ ಮೇಲೆ ಮೆದು ಜೇಡಿಯಂಥ ಮುದ್ದೆ ಒತ್ತಿ, ಹೆಡ್ ಬಿಗಿದು, ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ, ಹೆಡ್ ಬಿಚ್ಚಿ ಮುದ್ದೆಯ ದಪ್ಪ ಅಳೆಯಿರಿ. ಇಂಟೇಕ್‌ಗೆ 0.080 ಇಂಚು, ಎಕ್ಸಾಸ್ಟ್‌ಗೆ 0.100 ಇಂಚು ಸಾಮಾನ್ಯವಾಗಿ ಒಪ್ಪುವ ಕನಿಷ್ಠ ಅಂತರ. ಅದಕ್ಕಿಂತ ತೆಳ್ಳಗಿದ್ದರೆ ಇಂಜಿನ್ ಸ್ಟಾರ್ಟ್ ಮಾಡುವ ಯೋಚನೆಯೇ ಬೇಡ.