ಮದ್ದಿನ ಹೆಸರನ್ನು ಬಿಡಿಸಿ ಓದುವುದು ಹೇಗೆ?

ಮಂಗಳೂರಿನ ಡಾಕ್ಟರು ಬರೆದ ಮಾತ್ರೆ ಒಂದು, ಬದಿಯಡ್ಕದ ಮೆಡಿಕಲ್‌ನಲ್ಲಿ ಸಿಕ್ಕಿದ್ದು ಇನ್ನೊಂದು. 'ಇದು ನನ್ನ ಮದ್ದಲ್ಲ' ಎಂದು ಅಜ್ಜಿ ಮೂರು ದಿನ ಅದನ್ನು ಮುಟ್ಟಲೇ ಇಲ್ಲ. ನನಗೆ ಗೊತ್ತಾದಾಗ ಹಳೆಯ ಸ್ಟ್ರಿಪ್ ಪಕ್ಕ ಹೊಸದನ್ನು ಇಟ್ಟು ನೋಡಿದೆ. ಎರಡರಲ್ಲೂ ಅಮ್ಲೋಡಿಪಿನ್, 5 ಮಿಲಿಗ್ರಾಂ!

ಹಾಗಾಗಿ, ಮೊದಲು ಕಂಪನಿ ಇಟ್ಟ ಹೆಸರನ್ನು ಬದಿಗಿಡಿ. 'ಟ್ಯಾಬ್ಲೆಟ್ಸ್ ಐಪಿ' (ಐಪಿ ಅಂದರೆ ಇಂಡಿಯನ್ ಫಾರ್ಮಕೊಪಿಯಾ, ನಮ್ಮ ದೇಶದ ಮದ್ದುಗಳ ಗುಣಮಟ್ಟದ ಪುಸ್ತಕ) ಎಂಬುದಕ್ಕಿಂತ ಮೊದಲು ಇರುತ್ತದಲ್ವಾ, ಅದೇ ಮದ್ದಿನ ನಿಜವಾದ ಹೆಸರು.

ಆಮೇಲೆ ಅದರ ಬಾಲ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 1953ರಿಂದ ಇಂಥ ಹೆಸರುಗಳ ಪಟ್ಟಿ ಮಾಡುತ್ತಾ ಬಂದಿದೆ. ಒಂದೇ ಬಳಗದ ಮದ್ದಿಗೆ ಒಂದೇ ಬಾಲ. 'ಡಿಪಿನ್', 'ಸಾರ್ಟನ್', 'ಪ್ರಿಲ್' ಬಿಪಿಯವು. 'ವಾಸ್ಟಾಟಿನ್' ಕೊಲೆಸ್ಟರಾಲಿನದು, 'ಗ್ಲಿಪ್ಟಿನ್' ಸಕ್ಕರೆ ಕಾಯಿಲೆಯದು. ಬಾಲ ಒಂದೇ ಎಂದು ಮಾತ್ರೆ ಬದಲಿಸಬೇಡಿ. ಪೂರ್ತಿ ಹೆಸರು, ಮಿಲಿಗ್ರಾಂ ಎರಡೂ ಹೊಂದಬೇಕು. ಅನುಮಾನ ಇದ್ದರೆ ಕೇಳಿಯೇ ನುಂಗಿ.

ಹಳೆಯ ಹೆಸರುಗಳನ್ನು ಮಾತ್ರ ತುಂಡು ತುಂಡಾಗಿ ಬಿಡಿಸಬೇಕು. ಪ್ಯಾರಸಿಟಮಾಲ್ ಎಂದರೆ ಪ್ಯಾರ-ಅಸಿಟೈಲ್-ಅಮಿನೊ-ಫಿನಾಲ್ ಎಂಬ ಉದ್ದ ಹೆಸರಿನ ಚೂರುಗಳು. 'ಅಸಿಟೈಲ್' ಬಂದದ್ದು ಲ್ಯಾಟಿನ್ನಿನ ವಿನೆಗರಿನಿಂದ. 'ಅಮಿನೊ' ಅಮೋನಿಯಾದಿಂದ. ಅಮೆರಿಕದವರು ಅದೇ ಉದ್ದ ಹೆಸರನ್ನು ಬೇರೆ ಕಡೆ ಕತ್ತರಿಸಿ ಅಸಿಟಮಿನೊಫೆನ್ ಎಂದರು. ಮದ್ದು ಒಂದೇ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅರಿಕೋಲಿನ್. ನಮ್ಮ ತೋಟದ ಅಡಿಕೆಯಲ್ಲೇ ಇರುವ ಆಲ್ಕಲಾಯ್ಡ್ (ಗಿಡಮರಗಳಲ್ಲಿ ಸಿಗುವ ಒಂದು ಬಗೆಯ ರಾಸಾಯನಿಕ) ಅದು. ಹಿಂದೆ ನಾಯಿಗಳ ಲಾಡಿಹುಳಕ್ಕೆ ಮದ್ದಾಗಿ ಕೊಡುತ್ತಿದ್ದರು. ಕೊನೆಯ 'ಇನ್' ನಿಕೋಟಿನ್, ಮಾರ್ಫಿನ್‌ಗಳಲ್ಲಿರುವಂಥದೇ. ಮುಂದಿನ 'ಅರಿಕ'? ನಾವು ಅಡಿಕೆ ಅನ್ನುತ್ತೇವೆ, ಪಕ್ಕದ ಮನೆಯ ಮಲಯಾಳಿಗಳು ಅಡಕ್ಕ ಅನ್ನುತ್ತಾರೆ. ಅದು ಪೋರ್ಚುಗೀಸರ ಬಾಯಲ್ಲಿ ಅರೆಕಾ ಆಯಿತು. ಎರಡು ಸಲ ಜೋರಾಗಿ ಹೇಳಿ ನೋಡಿ, 'ಡ' ಹೇಗೆ 'ರ' ಆಯಿತು ಎಂದು ನಾಲಿಗೆಗೇ ತಿಳಿಯುತ್ತದೆ.

1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅಡಿಕೆ ಮರಕ್ಕೆ ಅರೆಕಾ ಕಟೆಚು ಎಂದು ಹೆಸರಿಟ್ಟ. ಈ ಕಟೆಚು ನಮ್ಮ ಎಲೆಯಡಿಕೆಯ ಕಾಚಿನ ನೆಂಟ. ಕಾಚು ಬರುವುದು ಬೇರೆ ಮರದಿಂದ, ಆದರೂ ಹೆಸರು ಅಡಿಕೆ ಮರಕ್ಕೆ ಅಂಟಿಕೊಂಡಿತು. ಅದೇ ಕಟೆಚುವಿನಿಂದ ಕ್ಯಾಟೆಕಾಲ್ ಎಂಬ ರಾಸಾಯನಿಕದ ಹೆಸರು, ಕ್ಯಾಟೆಕಾಲ್‌ನಿಂದ ಕ್ಯಾಟೆಕೊಲಮೈನ್ ಎಂಬ ಬಳಗದ ಹೆಸರು. ಐಸಿಯುನಲ್ಲಿ ಕುಸಿದ ಬಿಪಿ ಏರಿಸಲು ಡ್ರಿಪ್‌ನಲ್ಲಿ ಬಿಡುವ ನಾರ್‌ಅಡ್ರಿನಲಿನ್ ಈ ಬಳಗದ್ದೇ. ಇದನ್ನು ಹೇಳಿದಾಗ ಅಜ್ಜಿ ಹರಿವಾಣದಲ್ಲಿದ್ದ ಕಾಚಿನ ಚೂರನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.