ಜುರಾಸಿಕ್ ಕಡಲ ಮೊಸಳೆಗೆ ಮೈ ತುಂಬುವುದು ಹೇಗೆ?

ಪೆನ್ಸಿಲ್ ಹಿಡಿಯುವ ಮೊದಲು ಒಂದು ಕೆಲಸ ಮಾಡಿ: ನಿಮ್ಮ ತಲೆಯಲ್ಲಿ ಕೂತಿರುವ ಮೊಸಳೆಯನ್ನು ಆಚೆ ಕಳಿಸಿ. ಇದೇ ಎಲ್ಲಕ್ಕಿಂತ ಕಷ್ಟ. ನಾನು ಮೊದಲ ಸಲ ಬಿಡಿಸಿದಾಗ ಬೆನ್ನ ಮೇಲೆ ಸಾಲು ಸಾಲು ಗಂಟು, ಕೆಳಗೆ ಉಗುರಿನ ಕಾಲು, ಎಲ್ಲಾ ಹಾಕಿ ತುದಿಗೊಂದು ಮೀನಿನ ಬಾಲ ಅಂಟಿಸಿದ್ದೆ. ವೇಷ ಹಾಕಿದ ಮೊಸಳೆ ಅಷ್ಟೇ.

ನಾವು ಬಿಡಿಸುತ್ತಿರುವುದು ಮೆಟ್ರಿಯೋರಿಂಕಿಡ್ ಗುಂಪಿನ ಪ್ರಾಣಿಯನ್ನು. ಸುಮಾರು 15 ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲೇ ಬದುಕುತ್ತಿದ್ದವು. ಈಗಿನ ಮೊಸಳೆಗಳಿಗೆ ಇವು ಅಜ್ಜಂದಿರಲ್ಲ, ದೂರದ ದಾಯಾದಿಗಳು.

ಮೊದಲು ಒಂದೇ ಒಂದು ಜಾತಿ ಆರಿಸಿಕೊಳ್ಳಿ. ಒಂದರ ತಲೆ, ಇನ್ನೊಂದರ ಬಾಲ ಸೇರಿಸಬೇಡಿ. ಶುರು ಮಾಡುವವರಿಗೆ ಜರ್ಮನಿಯ ನುಸ್‌ಪ್ಲಿಂಗೆನ್‌ನಲ್ಲಿ ಸಿಕ್ಕ ಕ್ರಿಕೋಸಾರಸ್ ಸುಯೆವಿಕಸ್ ಒಳ್ಳೆಯದು, ಯಾಕೆಂದರೆ ಮೂತಿಯಿಂದ ಬಾಲದವರೆಗೆ ಮೂಳೆಗಳು ಜೋಡಣೆಯಲ್ಲೇ ಉಳಿದಿವೆ. ಜರ್ಮನ್ ಪಳೆಯುಳಿಕೆ ತಜ್ಞ ಎಬರ್‌ಹಾರ್ಡ್ ಫ್ರಾಸ್ 1902ರಲ್ಲೇ ಇವುಗಳ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿದ್ದರು. ಆ ಪಳೆಯುಳಿಕೆಯ ಫೋಟೊ ಪ್ರಿಂಟ್ ಹಾಕಿ, ಮೇಲೆ ಟ್ರೇಸಿಂಗ್ ಹಾಳೆ ಇಟ್ಟು, ಬರೀ ಮೂಳೆಗಳ ಗೆರೆ ಎಳೆಯಿರಿ. ಕಲ್ಲಿನ ಬಿರುಕನ್ನೂ ಮೂಳೆ ಅಂದುಕೊಂಡು ಎಳೆದುಬಿಡುತ್ತೇವೆ, ಹುಷಾರು.

ಆಮೇಲೆ ಚಪ್ಪಟೆಯಾದದ್ದನ್ನು ಸರಿ ಮಾಡಬೇಕು. ಸುಣ್ಣಕಲ್ಲಿನ ಪದರಗಳ ನಡುವೆ ಸಿಕ್ಕಿಕೊಂಡ ಪ್ರಾಣಿ ಕೋಟಿಗಟ್ಟಲೆ ವರ್ಷ ಭಾರದಡಿ ಮಲಗಿದೆ, ಪಕ್ಕೆಲುಬು ಎರಡೂ ಕಡೆ ಹರಡಿಕೊಂಡು ಹೊಟ್ಟೆ ದಪ್ಪ ಕಾಣುತ್ತದೆ. ಅದನ್ನು ಹಾಗೇ ಬಿಡಿಸಿದರೆ ಉಬ್ಬಿದ ಹಲ್ಲಿ ಬರುತ್ತದೆ. ಪಕ್ಕೆಲುಬಿನ ಬಾಗು ನೋಡಿ, ಕೆಳಗಡೆ ಹೊಟ್ಟೆಯ ಸಣ್ಣ ಮೂಳೆಗಳು ಎಲ್ಲಿವೆ ಅಂತ ಗುರುತು ಹಾಕಿ, ಎರಡನ್ನೂ ಸೇರಿಸಿ ಎದೆಯ ಅಡ್ಡಸೀಳು ಬಿಡಿಸಿಕೊಳ್ಳಿ. ಮೈಯ ಆಳ ಅಲ್ಲಿ ಸಿಗುತ್ತದೆ.

ಈಗ ಬಾಲ. ಇಲ್ಲಿ ಆತುರ ಬೇಡ, ಅರ್ಧ ದಿನ ಹೋದರೂ ಪರವಾಗಿಲ್ಲ. ಬೆನ್ನುಮೂಳೆಯ ಮಣಿಗಳನ್ನು ಒಂದೊಂದಾಗಿ ಹಿಂದಕ್ಕೆ ನೋಡುತ್ತಾ ಹೋದರೆ, ತುದಿಯ ಹತ್ತಿರ ಸಾಲು ಇದ್ದಕ್ಕಿದ್ದ ಹಾಗೆ ಕೆಳಕ್ಕೆ ಬಾಗುತ್ತದೆ. ಸತ್ತ ಮೇಲೆ ಮುರಿದಿರಬೇಕು ಅನ್ನಿಸುತ್ತದೆ ಅಲ್ವಾ? ಬಾಗಿದ ಜಾಗದ ಮಣಿಗಳನ್ನು ಹತ್ತಿರದಿಂದ ನೋಡಿ. ಮೇಲ್ಗಡೆ ಸ್ವಲ್ಪ ಉದ್ದ, ಕೆಳಗಡೆ ಗಿಡ್ಡ, ಆಪಿನ ಹಾಗೆ. ಅಂದರೆ ಮುರಿದದ್ದಲ್ಲ, ಬೆಳೆದದ್ದೇ ಹಾಗೆ. ಮೂಳೆ ಬಾಲದ ಕೆಳಗಿನ ಕವಲಿನೊಳಗೆ ಇಳಿಯುತ್ತದೆ, ಮೇಲಿನ ಕವಲಿನಲ್ಲಿ ಬರೀ ಮಾಂಸ, ಚರ್ಮ. ಶಾರ್ಕ್ ಬಾಲವನ್ನು ತಲೆಕೆಳಗು ಮಾಡಿದ ಹಾಗೆ, ಅದರಲ್ಲಿ ಬೆನ್ನುಮೂಳೆ ಮೇಲಕ್ಕೆ ಹೋಗುತ್ತದೆ. ಮೇಲಿನ ಕವಲಿನ ಅಳತೆಯನ್ನು ಸುಮ್ನೆ ಊಹಿಸಬೇಡಿ. ದಕ್ಷಿಣ ಜರ್ಮನಿಯ ಕೆಲವು ಕಲ್ಲುಗಳಲ್ಲಿ ಬಾಲದ ಹೊರಗೆರೆಯೇ ಅಚ್ಚಾಗಿದೆ, ಅಂಥದ್ದನ್ನು ಪಕ್ಕದಲ್ಲಿಟ್ಟುಕೊಂಡು ಬಿಡಿಸಿ.

ಬಾಲದ ಬುಡವನ್ನು ದಪ್ಪ ಇಡಿ. ಮೊಸಳೆಗಳಲ್ಲಿ ತೊಡೆಮೂಳೆಯಿಂದ ಬಾಲಕ್ಕೆ ಹೋಗುವ ದೊಡ್ಡ ಸ್ನಾಯು ಒಂದಿದೆ. ಮೂಳೆಗೆ ಚರ್ಮ ಹೊದಿಸಿದ ಹಾಗೆ ಬಿಡಿಸುವವರು ಇದನ್ನೇ ಮರೆಯುವುದು.

ಕೈಕಾಲು ಬೇಗ ಮುಗಿಯುತ್ತದೆ. ಮುಂಗೈ ಗಿಡ್ಡ, ಚಪ್ಪಟೆ, ದೋಣಿಯ ಹುಟ್ಟಿನ ಹಾಗೆ. ಹಿಂಗಾಲು ಅದಕ್ಕಿಂತ ಉದ್ದ. ದಡದ ಮೇಲೆ ಎದ್ದು ನಡೆಯುವ ಭಂಗಿ ಮಾತ್ರ ಬೇಡ. ಅರ್ಜೆಂಟೀನಾದ ಕ್ರಿಕೋಸಾರಸ್ ಒಂದರ ಸೊಂಟದ ಮೂಳೆ ನೋಡಿದ ವಿಜ್ಞಾನಿಗಳು, ಇವು ನೀರಿನಲ್ಲೇ ಮರಿ ಹಾಕುತ್ತಿದ್ದಿರಬಹುದು ಅಂತಲೂ ವಾದಿಸಿದ್ದಾರೆ.

ತಲೆಯಲ್ಲಿ ಎಲ್ಲರೂ ಎಡವುವುದು ಕಣ್ಣಿನಲ್ಲಿ. ಈಗಿನ ಮೊಸಳೆಯ ಕಣ್ಣು ನೆತ್ತಿಯ ಮೇಲೆ, ಇವುಗಳದ್ದು ಪಕ್ಕಕ್ಕೆ. ಮೇಲೊಂದು ಮೂಳೆ ಹುಬ್ಬಿನ ಹಾಗೆ ಚಾಚಿದೆ. ಕಣ್ಣುಗುಳಿ ದೊಡ್ಡದಿದೆ ಅಂತ ಅಷ್ಟೂ ಜಾಗಕ್ಕೆ ಕಣ್ಣು ತುಂಬಿಸಬೇಡಿ. ಗುಳಿಯೊಳಗೆ ಸಣ್ಣ ಮೂಳೆಗಳ ಉಂಗುರ ಇರುತ್ತದೆ, ಅದರ ನಡುವಿನ ತೂತಿನಷ್ಟೇ ಕಣ್ಣು ಹೊರಗೆ ಕಾಣಲಿ. ಕಣ್ಣಿನ ಮುಂದಿನ ಜಾಗವನ್ನೂ ಗುಂಡಿ ಬಿಡಿಸಬೇಡಿ. ಅರ್ಜೆಂಟೀನಾದ ತಲೆಬುರುಡೆಗಳಲ್ಲಿ ಆ ಭಾಗದಲ್ಲಿ ಉಪ್ಪು ಹೊರಹಾಕುವ ಗ್ರಂಥಿಯ ಅಚ್ಚು ಸಿಕ್ಕಿದೆ.

ಮೂತಿ ಜಾತಿಗೆ ತಕ್ಕ ಹಾಗೆ. ಕ್ರಿಕೋಸಾರಸ್‌ನದ್ದು ಉದ್ದ, ಸಪೂರ, ಮೀನು ಕಚ್ಚುವ ಇಕ್ಕಳ. ಇದೇ ಗುಂಪಿನ ಡಾಕೋಸಾರಸ್ ಆ್ಯಂಡಿನಿಯೆನ್ಸಿಸ್ ಆರಿಸಿದ್ದರೆ ಗಿಡ್ಡ, ಎತ್ತರದ ಮೂತಿ, ಅಂಚಿಗೆ ಗರಗಸದ ಹಲ್ಲು. 2006ರಲ್ಲಿ ಅದರ ತಲೆಬುರುಡೆಯ ವಿವರ ಬಂದಾಗ ಗಾಡ್ಜಿಲ್ಲಾ ಅಂತ ಅಡ್ಡಹೆಸರೇ ಬಿತ್ತು.

ಚರ್ಮಕ್ಕೆ ಬಂದಾಗ ಕೈ ತಾನಾಗಿ ಹುರುಪೆ ಬಿಡಿಸಲು ಹೋಗುತ್ತದೆ, ತಡೆಯಿರಿ. ಮೊಸಳೆಯ ಬೆನ್ನು ಒರಟಾಗಿರುವುದು ಚರ್ಮದೊಳಗಿನ ಮೂಳೆ ಬಿಲ್ಲೆಗಳಿಂದ, ಈ ಗುಂಪಿನಲ್ಲಿ ಅವು ಇಲ್ಲವೇ ಇಲ್ಲ. ಜರ್ಮನಿಯ ಸುಣ್ಣಕಲ್ಲಿನಲ್ಲಿ ಉಳಿದ ಚರ್ಮದ ಬಗ್ಗೆ 2021ರಲ್ಲಿ ಬಂದ ಅಧ್ಯಯನವೂ ನುಣುಪು ಮೈಯನ್ನೇ ತೋರಿಸಿದೆ. ಡಾಲ್ಫಿನ್ ನೆನೆಸಿಕೊಳ್ಳಿ.

ಬಣ್ಣ ನಿಮ್ಮ ಊಹೆ, ಆದರೆ ಲೆಕ್ಕವಿಟ್ಟು ಊಹಿಸಿ. 2014ರಲ್ಲಿ ಇಕ್ತಿಯೋಸಾರ್, ಮೊಸಾಸಾರ್ ಎಂಬ ಹಳೆಯ ಕಡಲ ಸರೀಸೃಪಗಳು ಮತ್ತು ಒಂದು ಹಳೆಯ ಕಡಲಾಮೆಯ ಪಳೆಯುಳಿಕೆಗಳಲ್ಲಿ ಗಾಢ ಬಣ್ಣ ಕೊಡುವ ಮೆಲನಿನ್ ಪತ್ತೆಯಾಯಿತು. ತೆರೆದ ಕಡಲಿನ ಪ್ರಾಣಿಗೆ ಕಪ್ಪು ಬೆನ್ನು, ತಿಳಿ ಹೊಟ್ಟೆ ಹೊಂದುತ್ತದೆ. ನಾನಂತೂ ಹಸಿರು ಪೆನ್ಸಿಲ್ ಮುಟ್ಟುವುದಿಲ್ಲ.

ಮುಗಿದ ಮೇಲೆ ಚಿತ್ರದ ತಲೆಯನ್ನು ಅಂಗೈಯಿಂದ ಮುಚ್ಚಿ. ಉಳಿದ ಮೈ ಇನ್ನೂ ಮೊಸಳೆ ಅನ್ನಿಸಿದರೆ, ರಬ್ಬರ್ ತೆಗೆದುಕೊಳ್ಳಿ.